28 ಗೆದ್ದರೂ ಕರೆ ಬರಲಿಲ್ಲ ಯಾಕೆ? ಕಾಲೇಜು ಬಾಸ್ಕೆಟ್‌ಬಾಲ್ ವೇಳಾಪಟ್ಟಿಯ ಒಳಲೆಕ್ಕ

ಪ್ರಶ್ನೆ: ನಾನು ದಾವಣಗೆರೆಯವನು, ಈಗ ಅಮೆರಿಕದ ಇಂಡಿಯಾನಾ ರಾಜ್ಯದ ಟೆರಾ ಹೋಟ್‌ನಲ್ಲಿದ್ದೇನೆ. ಮಗನ ದೆಸೆಯಿಂದ ಕಾಲೇಜು ಬಾಸ್ಕೆಟ್‌ಬಾಲ್ ಹುಚ್ಚು ಹಿಡಿದಿದೆ. 2024ರಲ್ಲಿ ನಮ್ಮೂರ ಇಂಡಿಯಾನಾ ಸ್ಟೇಟ್ ತಂಡ 28 ಪಂದ್ಯ ಗೆದ್ದಿತ್ತು, ಸೋತಿದ್ದು ಆರೇ. ಆದರೂ ಕಾಲೇಜು ತಂಡಗಳ ರಾಷ್ಟ್ರಮಟ್ಟದ ಸ್ಪರ್ಧೆಯಾದ, ಮಾರ್ಚ್ ತಿಂಗಳ ಎನ್‌ಸಿಎಎ ಟೂರ್ನಿಗೆ ಕರೆಯಲಿಲ್ಲ. ನಮ್ಮ ಲೀಗ್ ಆದ ಮಿಸ್ಸೂರಿ ವ್ಯಾಲಿ ಕಾನ್ಫರೆನ್ಸ್ ಚಿಕ್ಕದು, ಅದಕ್ಕೇ ಬಿಟ್ಟರು ಅಂತ ಎಲ್ಲರೂ ಹೇಳುತ್ತಾರೆ. ದೊಡ್ಡ ತಂಡಗಳ ಜೊತೆ ಜಾಸ್ತಿ ಆಡಬೇಕು ಅಂತ ಕೆಲವರು, ಕಾನ್ಫರೆನ್ಸ್ ಒಳಗಿನ ಪಂದ್ಯಗಳನ್ನು 20ರಿಂದ 16ಕ್ಕೆ ಇಳಿಸಬೇಕು ಅಂತ ಇನ್ನು ಕೆಲವರು. ವೇಳಾಪಟ್ಟಿ ಬದಲಿಸಿದರೆ ಒಂದು ಲೀಗಿನ ಹೆಸರು ನಿಜಕ್ಕೂ ಏರುತ್ತದಾ? ಸೀಸನ್ ಟಿಕೆಟ್ ತಗೊಳ್ಳುವ ನನ್ನಂಥವನಿಗೆ ತವರಿನ ಪಂದ್ಯ ಕಡಿಮೆಯಾದರೆ ನಷ್ಟ ಅಲ್ವಾ?

ಉತ್ತರ: ನಿಮ್ಮ ಬೇಸರ ಅರ್ಥವಾಗುತ್ತದೆ. ಲೀಗಿನಲ್ಲಿ 17 ಗೆದ್ದು ಮೂರೇ ಸೋತು ಮೊದಲ ಸ್ಥಾನಕ್ಕೆ ಬಂದ ತಂಡ ಅದು. ಸೇಂಟ್ ಲೂಯಿಸ್‌ನಲ್ಲಿ ನಡೆದ ಲೀಗ್ ಟೂರ್ನಿಯ ಫೈನಲ್‌ನಲ್ಲಿ ಡ್ರೇಕ್ ವಿರುದ್ಧ 84–80ಕ್ಕೆ ಸೋತಿತು. ಲೀಗಿಗೆ ಮೀಸಲಾದ ಸೀಟು ಡ್ರೇಕ್ ಪಾಲಾಯಿತು. ಉಳಿದ ದಾರಿ ಆಯ್ಕೆ ಸಮಿತಿಯ ಕೃಪೆ ಮಾತ್ರ. ಅದು ಸಿಗಲಿಲ್ಲ.

ನಾನು ಇಂಥದೇ ಒಂದು ಮಧ್ಯಮ ದರ್ಜೆಯ ಲೀಗಿನ ಕಚೇರಿಯಲ್ಲಿ ವೇಳಾಪಟ್ಟಿಯ ಕೆಲಸ ಮಾಡಿದವನು. ನೇರ ಉತ್ತರ ಬೇಕಿದ್ದರೆ, ಹೌದು, ವೇಳಾಪಟ್ಟಿಯಿಂದ ಲೀಗಿನ ಹೆಸರು ಏರುತ್ತದೆ. ಆದರೆ ಅಭಿಮಾನಿಗಳು ನೋಡುವ ಕಡೆ ಅಲ್ಲ. ಮೊದಲ ಸ್ಥಾನದ ತಂಡ ಯಾರ ಮೇಲೆ ಆಡಿತು ಅನ್ನುವುದಕ್ಕಿಂತ, ಕೊನೆಯ ನಾಲ್ಕು ತಂಡಗಳು ನವೆಂಬರ್, ಡಿಸೆಂಬರ್‌ನಲ್ಲಿ ಯಾರ ಮೇಲೆ ಆಡಿದವು ಅನ್ನುವುದೇ ಮುಖ್ಯ.

ಮೊದಲು "ಚಿಕ್ಕ ಲೀಗ್ ಅಂತ ಬಿಟ್ಟರು" ಅನ್ನುವ ಮಾತು. ಟೂರ್ನಿಯಲ್ಲಿ 68 ತಂಡ. ಪ್ರತಿ ಲೀಗಿನ ಚಾಂಪಿಯನ್‌ಗೆ ಒಂದು ಸೀಟು. ಉಳಿದ ಮೂವತ್ತಾರೋ ಮೂವತ್ತೇಳೋ ಸೀಟನ್ನು 12 ಜನರ ಸಮಿತಿ ಹಂಚುತ್ತದೆ. ಯಾವ ಲೀಗಿಗೂ ಕೋಟಾ ಇಲ್ಲ. ಸಮಿತಿಯವರ ಮುಂದೆ ಇರುವುದು ಒಂದೊಂದು ತಂಡಕ್ಕೆ ಒಂದೊಂದು ಹಾಳೆ. ಆ ಹಾಳೆಯಲ್ಲಿ ನಾಲ್ಕು ಗುಂಪು, ಇಲ್ಲಿನವರು ಕ್ವಾಡ್ ಅನ್ನುತ್ತಾರೆ. ನೆಟ್ ಅನ್ನುವ ಅಧಿಕೃತ ಪಟ್ಟಿಯಲ್ಲಿ ಎದುರಾಳಿಯ ರ‍್ಯಾಂಕ್ ಮತ್ತು ಆಡಿದ ಜಾಗ ನೋಡಿ ಪ್ರತಿ ಪಂದ್ಯವನ್ನೂ ಒಂದು ಗುಂಪಿಗೆ ಸೇರಿಸುತ್ತಾರೆ. ತವರಿನಲ್ಲಾದರೆ 1ರಿಂದ 30ರೊಳಗಿನ ತಂಡ, ತಟಸ್ಥ ಅಂಗಳದಲ್ಲಾದರೆ 50ರೊಳಗಿನದು, ಎದುರಾಳಿಯ ಊರಿನಲ್ಲಾದರೆ 75ರೊಳಗಿನದು ಕ್ವಾಡ್ 1. ತಳದ ಕ್ವಾಡ್ 4ಕ್ಕೆ ತವರಿನಲ್ಲಿ 161ರಿಂದ ಆಚೆ, ತಟಸ್ಥ ಅಂಗಳದಲ್ಲಿ 201ರಿಂದ ಆಚೆ, ಹೊರಗೆ 241ರಿಂದ ಆಚೆ.

ಪಕ್ಷಪಾತ ಇದ್ದರೆ ಇಲ್ಲೇ ನುಸುಳುತ್ತದೆ, ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲ. ದೊಡ್ಡ ಲೀಗಿನ ಮಧ್ಯಮ ತಂಡಕ್ಕೆ ಜನವರಿಯಿಂದ ವಾರಕ್ಕೊಂದು ಕ್ವಾಡ್ 1 ಪಂದ್ಯ ತಾನಾಗಿಯೇ ಬರುತ್ತದೆ. ಹತ್ತರಲ್ಲಿ ನಾಲ್ಕು ಗೆದ್ದರೂ ಹಾಳೆ ಚೆನ್ನಾಗಿಯೇ ಕಾಣುತ್ತದೆ. ಇಂಡಿಯಾನಾ ಸ್ಟೇಟ್‌ನ ರ‍್ಯಾಂಕ್ 30ರೊಳಗೇ ಇತ್ತು. ಕ್ವಾಡ್ 1ರಲ್ಲಿ ಗೆಲುವು ಮಾತ್ರ ಒಂದೇ. ಅಲಬಾಮಾ, ಮಿಷಿಗನ್ ಸ್ಟೇಟ್ ಊರುಗಳಿಗೆ ಹೋಗಿ ಸೋತು ಬಂದರು. ಇನ್ನೊಂದು ಕಡೆ, ಈ ತಂಡದಲ್ಲೇ ಆಡಿ ದಂತಕಥೆಯಾದ ಲ್ಯಾರಿ ಬರ್ಡ್ ಕಾಲದ (1979) ನಂತರ ಮೊದಲ ಸಲ, ಪತ್ರಕರ್ತರು ಮತ ಹಾಕಿ ಮಾಡುವ ಎಪಿ ಟಾಪ್ 25 ಪಟ್ಟಿಗೆ ಬಂದ ವಾರವೇ ಮನೆಯಂಗಳದಲ್ಲಿ ಇಲಿನಾಯ್ ಸ್ಟೇಟ್‌ಗೆ ಸೋತರು. ನೀವು ಅಲ್ಲೇ ಇದ್ದಿರಬಹುದು, ಜಾಸ್ತಿ ನೆನಪಿಸುವುದಿಲ್ಲ. ಸಾಲದ್ದಕ್ಕೆ ಆ ವರ್ಷದ ಲೀಗ್ ಟೂರ್ನಿಗಳಲ್ಲಿ ಯಾರೂ ಎಣಿಸದ ತಂಡಗಳು ಗೆದ್ದವು. ಎನ್‌ಸಿ ಸ್ಟೇಟ್ ಐದು ದಿನದಲ್ಲಿ ಐದು ಪಂದ್ಯ ಗೆದ್ದು ಎಸಿಸಿ ಅನ್ನುವ ದೊಡ್ಡ ಲೀಗಿನ ಚಾಂಪಿಯನ್ ಆಯಿತು. ಹಾಗೆ ಗೆದ್ದ ಒಂದೊಂದು ತಂಡವೂ ಸಮಿತಿಯ ಕೈಯಲ್ಲಿದ್ದ ಒಂದೊಂದು ಸೀಟನ್ನು ಕಿತ್ತುಕೊಂಡಿತು.

ಎರಡನೆಯದು "ದೊಡ್ಡ ತಂಡಗಳ ಜೊತೆ ಆಡಿದರೆ ಸಾಕು, ಸೋತರೂ ಲಾಭ" ಅನ್ನುವ ನಂಬಿಕೆ. ಇದು ತಂಡಗಳಿಗೆ ಸ್ಥಾನ ಕೊಡುತ್ತಿದ್ದ ಹಳೆಯ ಲೆಕ್ಕವಾದ ಆರ್‌ಪಿಐ ಕಾಲದ್ದು. ಆರ್‌ಪಿಐ ಲೆಕ್ಕದಲ್ಲಿ ನಿಮ್ಮ ಗೆಲುವಿಗೆ ಕಾಲು ಭಾಗದ ತೂಕ, ಎದುರಾಳಿಗಳ ಗೆಲುವಿನ ಸರಾಸರಿಗೆ ಅರ್ಧ, ಅವರ ಎದುರಾಳಿಗಳದ್ದಕ್ಕೆ ಉಳಿದ ಕಾಲು. ಅಂದರೆ ಮುಕ್ಕಾಲು ಪಾಲು ಯಾರ ಜೊತೆ ಆಡಿದಿರಿ ಅನ್ನುವುದರ ಮೇಲೆ. ನಿಮ್ಮ ವ್ಯಾಲಿ ಲೀಗ್ ಆ ಲೆಕ್ಕವನ್ನು ಚೆನ್ನಾಗಿ ಅರಗಿಸಿಕೊಂಡಿತ್ತು. 2006ರಲ್ಲಿ ವಿಚಿಟಾ ಸ್ಟೇಟ್, ಬ್ರಾಡ್ಲಿ, ನಾರ್ದರ್ನ್ ಅಯೋವಾ, ಸದರ್ನ್ ಇಲಿನಾಯ್ ಹೀಗೆ ನಾಲ್ಕು ತಂಡ ಟೂರ್ನಿಗೆ ಹೋದವು. ಇಷ್ಟೊಂದು ಚಿಕ್ಕ ತಂಡಗಳು ಯಾಕೆ ಅಂತ ಟಿವಿಯಲ್ಲೇ ವೀಕ್ಷಕ ವಿವರಣೆಕಾರರಾದ ಜಿಮ್ ನ್ಯಾಂಟ್ಜ್, ಬಿಲ್ಲಿ ಪ್ಯಾಕರ್ ಇಬ್ಬರೂ ಸಮಿತಿ ಅಧ್ಯಕ್ಷರನ್ನು ತರಾಟೆಗೆ ತೆಗೆದುಕೊಂಡರು. ಉತ್ತರ ಕೊಟ್ಟಿದ್ದು ಆಟಗಾರರು. ಬ್ರಾಡ್ಲಿ ಕ್ಯಾನ್ಸಸ್ ಅನ್ನು ಮನೆಗೆ ಕಳಿಸಿತು, ವಿಚಿಟಾ ಸ್ಟೇಟ್ ಟೆನೆಸ್ಸೀಯನ್ನು. ಎರಡೂ ಕೊನೆಯ ಹದಿನಾರರ ಸುತ್ತಿಗೆ ಹೋದವು. ಆದರೆ ಅದೇ ವರ್ಷ, ಅದೇ ಲೀಗಿನ ಮಿಸ್ಸೂರಿ ಸ್ಟೇಟ್ ಆರ್‌ಪಿಐ ಪಟ್ಟಿಯಲ್ಲಿ 21ನೇ ಸ್ಥಾನದಲ್ಲಿದ್ದರೂ ಹೊರಗುಳಿಯಿತು. ರ‍್ಯಾಂಕ್ ಒಂದೇ ಸಾಲುವುದಿಲ್ಲ ಅನ್ನುವುದು ನಿಮ್ಮ ಲೀಗಿಗೆ ಆಗಲೇ ಗೊತ್ತಾಗಿತ್ತು.

2018–19ರಿಂದ ಆರ್‌ಪಿಐ ಜಾಗಕ್ಕೆ ನೆಟ್ ಅನ್ನುವ ಪಟ್ಟಿ ಬಂತು. 2020ರಲ್ಲಿ ಅದನ್ನು ಸರಳ ಮಾಡಿ, ಎಷ್ಟು ಅಂತರದಿಂದ ಗೆದ್ದಿರಿ ಅನ್ನುವ ಅಂಶವನ್ನು ತೆಗೆದೆವು ಅಂದರು. ಅಂತರಕ್ಕೆ ಬೆಲೆಯೇ ಇಲ್ಲ ಅಂತ ತುಂಬಾ ಜನ ತಿಳಿದುಕೊಂಡಿದ್ದು ಅಲ್ಲಿಂದಲೇ. ಇದು ಅರ್ಧ ಸತ್ಯ. ಹೆಸರು ಹೋಯಿತು, ವಸ್ತು ಉಳಿಯಿತು. ನೂರು ಸಲ ಚೆಂಡು ಕೈಗೆ ಬಂದರೆ ಎಷ್ಟು ಅಂಕ ಗಳಿಸುತ್ತೀರಿ, ಎಷ್ಟು ಬಿಟ್ಟುಕೊಡುತ್ತೀರಿ ಅನ್ನುವ ಲೆಕ್ಕ ಅದರಲ್ಲಿದೆ, ಎದುರಾಳಿಯ ಬಲ ಮತ್ತು ಜಾಗಕ್ಕೆ ತಕ್ಕಂತೆ ಹೊಂದಿಸಿ. ಅದಕ್ಕೆ ಮಿತಿ ಇಲ್ಲ. ದೊಡ್ಡ ತಂಡದ ಊರಿಗೆ ಹೋಗಿ 40 ಅಂಕದಿಂದ ಸೋತು ಬಂದರೆ ಇವತ್ತು ಅದರಿಂದ ಕಿಲುಬು ಕಾಸಿನ ಲಾಭವಿಲ್ಲ. ಬಿಗ್ 12 ಅನ್ನುವ ದೊಡ್ಡ ಲೀಗಿನ ಕೆಲವು ತಂಡಗಳು ಬಡಪಾಯಿ ಎದುರಾಳಿಗಳನ್ನು ಮನೆಗೆ ಕರೆಸಿ ಕೊನೆಯ ನಿಮಿಷದವರೆಗೂ ಚಚ್ಚಿ ಕಳಿಸಿದ್ದರ ಬಗ್ಗೆ 2023–24ರಲ್ಲಿ ಗೊಣಗಾಟ ಕೇಳಿರುತ್ತೀರಿ. ಗೊಣಗಾಟದಲ್ಲಿ ಹುರುಳಿತ್ತು.

ಈಗ ನಾನು ಮೊದಲು ಹೇಳಿದ ಆ ಕೊನೆಯ ನಾಲ್ಕು ತಂಡಗಳಿಗೆ ಬರೋಣ.

2024ರಲ್ಲಿದ್ದಂತೆ ವ್ಯಾಲಿಯಲ್ಲಿ 12 ತಂಡ, ತಲಾ 20 ಲೀಗ್ ಪಂದ್ಯ ಅಂತಿಟ್ಟುಕೊಳ್ಳಿ. ಒಟ್ಟು 120 ಪಂದ್ಯ. ಅಂದರೆ 120 ಗೆಲುವು, 120 ಸೋಲು. ಯಾರು ಹೇಗೇ ಆಡಲಿ, ಈ ಮೊತ್ತ ಬದಲಾಗುವುದಿಲ್ಲ. ಮನೆಯೊಳಗೆ ಅಣ್ಣನ ಜೇಬಿಂದ ತಮ್ಮನ ಜೇಬಿಗೆ ದುಡ್ಡು ಹೋದರೆ ಮನೆಯ ಆಸ್ತಿ ಬೆಳೆಯುವುದಿಲ್ಲವಲ್ಲ. ಲೀಗಿನ ಆಸ್ತಿ ಬೆಳೆಯುವುದು ಹೊರಗಿನವರ ಮೇಲೆ ಗೆದ್ದಾಗ ಮಾತ್ರ. ತಂಡಕ್ಕೆ 11 ಹೊರಗಿನ ಪಂದ್ಯ ಅಂದರೆ ಇಡೀ ಲೀಗಿಗೆ 132. ಅವುಗಳಲ್ಲಿ ಅರ್ಧ ಗೆದ್ದರೆ 66. ನೂರಕ್ಕೆ 60ರಂತೆ ಗೆದ್ದರೆ 79. ವ್ಯತ್ಯಾಸ ಹದಿಮೂರೇ ಪಂದ್ಯ, ತಂಡಕ್ಕೆ ಒಂದರಂತೆ! ಆದರೆ ಆ ಒಂದೊಂದು ಗೆಲುವು ಎಲ್ಲ ತಂಡಗಳ ರ‍್ಯಾಂಕನ್ನೂ ಒಟ್ಟಿಗೆ ಎತ್ತುತ್ತದೆ. ಜನವರಿಯಲ್ಲಿ ಅವರವರೇ ಆಡುವಾಗ 170ರಲ್ಲಿದ್ದ ತಂಡ 150ರಲ್ಲಿರುತ್ತದೆ. ಆಗ ಅದರ ಮೇಲೆ ತವರಿನಲ್ಲಿ ಸೋತರೂ ಕ್ವಾಡ್ 3ರ ಸೋಲು, ಕ್ವಾಡ್ 4ರದಲ್ಲ. 85ರಲ್ಲಿದ್ದ ತಂಡ 72ಕ್ಕೆ ಬಂದರೆ ಅವರ ಊರಿನಲ್ಲಿ ಗೆದ್ದ ಪಂದ್ಯ ಕ್ವಾಡ್ 1ಕ್ಕೆ ಏರುತ್ತದೆ. ನಿಮ್ಮ ತಂಡ ಒಂದು ಬಾಸ್ಕೆಟ್ ಕೂಡ ಹೆಚ್ಚು ಹಾಕಿಲ್ಲ, ಹಾಳೆ ಮಾತ್ರ ಬೇರೆ. ಕ್ರಿಸ್‌ಮಸ್ ಕಳೆದ ಮೇಲೆ ಇದನ್ನು ಸರಿಪಡಿಸಲು ಹೆಚ್ಚೇನೂ ಉಳಿದಿರುವುದಿಲ್ಲ.

ಹಾಗಾದರೆ ಕೊನೆಯ ತಂಡಗಳು ಯಾಕೆ ಸರಿಯಾಗಿ ಆಡುವುದಿಲ್ಲ? ಮೇ ತಿಂಗಳಲ್ಲಿ ಅಂಥದೊಂದು ತಂಡದ ಸ್ಪ್ರೆಡ್‌ಶೀಟ್ ತೆರೆದರೆ ಗೊತ್ತಾಗುತ್ತದೆ. ಮೊದಲ ಸಾಲಿನಲ್ಲೇ ಮೂರು ಪಂದ್ಯಕ್ಕೆ ಹಳದಿ ಬಣ್ಣ. ಅವು ಗ್ಯಾರಂಟಿ ಪಂದ್ಯಗಳು. ದೊಡ್ಡ ಕಾಲೇಜು ದುಡ್ಡು ಕೊಟ್ಟು ಕರೆಸಿಕೊಂಡು ಸೋಲಿಸಿ ಕಳಿಸುತ್ತದೆ. ಒಂದಕ್ಕೆ ಒಂದು ಲಕ್ಷ ಡಾಲರ್ ಆಸುಪಾಸು. ಇದು ಕೋಚ್ ಬೇಡ ಅಂದರೂ ಆಗುವಂಥದ್ದು, ಯಾಕೆಂದರೆ ಕ್ರೀಡಾ ಇಲಾಖೆಯ ಬಜೆಟ್‌ನಲ್ಲಿ ಆ ದುಡ್ಡು ಆಗಲೇ ಬರೆದಾಗಿರುತ್ತದೆ. ಕೆಳಗೆ ಎರಡು ಸಾಲು ಬೂದು ಬಣ್ಣ. ಕಾಲೇಜು ಕ್ರೀಡೆಯ ಮೇಲಿನ ದರ್ಜೆಯಾದ ಡಿವಿಷನ್ 1ಕ್ಕೆ ಸೇರದ ಚಿಕ್ಕ ಕಾಲೇಜುಗಳ ಜೊತೆ ತವರಿನ ಪಂದ್ಯ. ಗೆಲುವು ಖಾತ್ರಿ, ಬರುವ ತಂಡಕ್ಕೆ ಕೊಡುವ ದುಡ್ಡೂ ಕಡಿಮೆ. ಆದರೆ ನೆಟ್ ಲೆಕ್ಕಕ್ಕೆ ಈ ಗೆಲುವು ಬರುವುದೇ ಇಲ್ಲ. ಕೋಚ್‌ನ ಕರಾರಿನಲ್ಲಿ ಇಷ್ಟು ಗೆದ್ದರೆ ಬೋನಸ್ ಅಂತಿರುತ್ತದೆ, ಅಲ್ಲಿಗೆ ಬರುತ್ತದೆ. ಉಳಿದ ಆರು ದಿನಾಂಕಗಳಲ್ಲಿ ಬಸ್ಸಿನಲ್ಲಿ ಹೋಗಿ ಬರುವ ದೂರದವರು ಯಾರು ಸಿಗುತ್ತಾರೋ ಅವರು. ಈ ಪಟ್ಟಿ ಮಾಡಿದವರು ದಡ್ಡರಲ್ಲ. ಅವರ ತೊಂದರೆಗೆ ಅದು ಸರಿಯಾದ ಉತ್ತರವೇ. ಲೀಗಿನ ತೊಂದರೆಗೆ ಅಲ್ಲ, ಅಷ್ಟೇ.

ಒಳ್ಳೆಯ ತಂಡಗಳ ಕಷ್ಟ ಬೇರೆ. ಇಂಡಿಯಾನಾ ಸ್ಟೇಟ್, ಡ್ರೇಕ್‌ನಂಥವರ ಜೊತೆ ಆಡಲು ದೊಡ್ಡವರು ಒಪ್ಪುವುದೇ ಇಲ್ಲ. 60ನೇ ರ‍್ಯಾಂಕಿನ ತಂಡವನ್ನು ಮನೆಗೆ ಕರೆದು ಗೆದ್ದರೆ ಅವರಿಗೆ ಕ್ವಾಡ್ 2 ಗೆಲುವು ಮಾತ್ರ. ಸೋತರೆ ಊರೆಲ್ಲ ನಗು. ಫೋನ್ ಮಾಡಿದರೆ "ನಮ್ಮ ಪಟ್ಟಿ ತುಂಬಿದೆ" ಅನ್ನುತ್ತಾರೆ. ಆಮೇಲೆ ಆಗಸ್ಟ್‌ನಲ್ಲಿ ಅದೇ ತಂಡ 290ನೇ ರ‍್ಯಾಂಕಿನವರ ಜೊತೆ ಹೊಸ ಪಂದ್ಯ ಘೋಷಿಸುತ್ತದೆ. ಈ ಕೆಲಸ ಮಾಡಿದವರೆಲ್ಲರಿಗೂ ಈ ಅನುಭವ ಆಗಿರುತ್ತದೆ.

ಇನ್ನು ದಾರಿಗಳು. ಲೀಗ್ ಪಂದ್ಯ ಕಡಿಮೆ ಮಾಡುವುದು ಒಂದು. ಗೊನ್ಜಾಗಾ ಇದ್ದ ವೆಸ್ಟ್ ಕೋಸ್ಟ್ ಕಾನ್ಫರೆನ್ಸ್ 2018–19ರಲ್ಲಿ 18ರಿಂದ 16ಕ್ಕೆ ಇಳಿಸಿತು. ತಳದ ತಂಡಗಳ ಜೊತೆ ಎರಡು ಪಂದ್ಯ ಕಡಿಮೆ, ಹೊರಗಿನ ಒಳ್ಳೆಯವರಿಗೆ ಎರಡು ದಿನಾಂಕ ಜಾಸ್ತಿ ಅನ್ನುವ ಲೆಕ್ಕ. 2022ರಲ್ಲಿ ಆ ಲೀಗಿನಿಂದ ಗೊನ್ಜಾಗಾ, ಸೇಂಟ್ ಮೇರೀಸ್, ಸ್ಯಾನ್ ಫ್ರಾನ್ಸಿಸ್ಕೊ ಮೂರೂ ಟೂರ್ನಿಗೆ ಹೋದವು. ಅದಕ್ಕೆ ವೇಳಾಪಟ್ಟಿಯೇ ಕಾರಣ ಅಂತ ನಾನು ಹೇಳುವುದಿಲ್ಲ, ಆಟಗಾರರೂ ಚೆನ್ನಾಗಿದ್ದರು. ದೊಡ್ಡ ಎಸಿಸಿ ಕೂಡ 2025ರಲ್ಲಿ ನಾಲ್ಕೇ ತಂಡ ಆಯ್ಕೆಯಾದ ಮೇಲೆ 20ರಿಂದ 18ಕ್ಕೆ ಬಂತು. ಆದರೆ ಎಸಿಸಿ ತಂಡಗಳು ಖಾಲಿಯಾದ ದಿನಾಂಕಕ್ಕೆ ಯಾರನ್ನು ಬೇಕಾದರೂ ಕರೆಯಬಲ್ಲವು. ವ್ಯಾಲಿಯ ಹನ್ನೆರಡೂ ತಂಡ ತಲಾ ನಾಲ್ಕು ದಿನಾಂಕ ಖಾಲಿ ಮಾಡಿಕೊಂಡರೆ ಒಟ್ಟು 48 ದಿನಾಂಕ. ಅವುಗಳಲ್ಲಿ ಎಷ್ಟಕ್ಕೆ ಬೂದು ಬಣ್ಣ ಬರುತ್ತದೆ ಅಂತ ನೀವೇ ಊಹಿಸಿ. ಹಾಗಾಗಿ ನಿಮ್ಮ ಗೆಳೆಯರ 16ರ ಸಲಹೆ ನನಗೆ ಅಪಾಯದ್ದಾಗಿ ಕಾಣುತ್ತದೆ.

ಬೇರೆ ಲೀಗಿನ ಜೊತೆ ಒಪ್ಪಂದ ಮಾಡಿಕೊಳ್ಳುವುದು ಇನ್ನೊಂದು, ನನಗೆ ಇದು ಮೆಚ್ಚುಗೆ. ಮ್ಯಾಕ್ ಮತ್ತು ಸನ್ ಬೆಲ್ಟ್ ಲೀಗುಗಳು 2023–24ರಿಂದ ನವೆಂಬರ್‌ನಲ್ಲಿ ಒಂದು, ಫೆಬ್ರವರಿಯಲ್ಲಿ ಒಂದು ಪಂದ್ಯ ಈ ಲೀಗಿನ ತಂಡ ಆ ಲೀಗಿನ ತಂಡದ ಜೊತೆ ಅನ್ನುವಂತೆ ಆಡುತ್ತಿವೆ. ಪ್ರತಿ ತಂಡಕ್ಕೂ ತವರಿನಲ್ಲಿ ಒಂದು ಡಿವಿಷನ್ 1 ಪಂದ್ಯ ಖಾತ್ರಿ. ಎದುರಾಳಿಗಾಗಿ ಗೋಗರೆಯುವ ಕೆಲಸ ಇಲ್ಲ. ಫೆಬ್ರವರಿಯ ಪಂದ್ಯಕ್ಕೆ ಇನ್ನೊಂದು ಬೆಲೆ ಇದೆ. ಅಷ್ಟು ಹೊತ್ತಿಗೆ ಯಾರು ಗಟ್ಟಿ ಅಂತ ಗೊತ್ತಾಗಿರುತ್ತದೆ. ಹಿಂದೆ ಇಎಸ್‌ಪಿಎನ್ 2003ರಿಂದ 2013ರವರೆಗೆ ನಡೆಸಿದ ಬ್ರ್ಯಾಕೆಟ್‌ಬಸ್ಟರ್ಸ್ ಅನ್ನುವ ಪಂದ್ಯಸರಣಿ ಮಾಡಿದ್ದೂ ಇದನ್ನೇ. 2006ರ ಫೆಬ್ರವರಿಯಲ್ಲಿ ಜಾರ್ಜ್ ಮೇಸನ್ ತಂಡ ವಿಚಿಟಾಕ್ಕೆ ಹೋಗಿ 70–67ಕ್ಕೆ ಗೆದ್ದಿತು. ಸಮಿತಿಯ ಕಣ್ಣಿಗೆ ಬಿದ್ದಿತು, ಸೀಟು ಸಿಕ್ಕಿತು, ಕೊನೆಯ ನಾಲ್ಕರವರೆಗೂ ಹೋಯಿತು. ಆದರೆ ಇಂಥ ಒಪ್ಪಂದಕ್ಕೂ ಮಿತಿ ಇದೆ. ಸನ್ ಬೆಲ್ಟ್‌ನ ಜೇಮ್ಸ್ ಮ್ಯಾಡಿಸನ್ 2023ರಲ್ಲಿ ಮಿಷಿಗನ್ ಸ್ಟೇಟ್ ಊರಲ್ಲೇ ಗೆದ್ದಿತು, ಅಪಲಾಚಿಯನ್ ಸ್ಟೇಟ್ ಆಬರ್ನ್ ಅನ್ನು ತನ್ನೂರಿಗೆ ಕರೆಸಿ ಸೋಲಿಸಿತು. ಆದರೂ ಆ ವರ್ಷ ಆ ಲೀಗಿನಿಂದ ಹೋಗಿದ್ದು ಒಂದೇ ತಂಡ. ಮೇಲಿನ ಎರಡು ತಂಡ ಎಷ್ಟೇ ಹಾರಿದರೂ ಕೆಳಗಿನ ಭಾರ ಎಳೆಯುತ್ತದೆ.

ಸೀಸನ್ ಕೊನೆಗೆ ಒಳ್ಳೆಯವರನ್ನು ಒಳ್ಳೆಯವರ ಜೊತೆಗೇ ಆಡಿಸುವ ಪ್ರಯೋಗವೂ ನಡೆದಿದೆ. ಕಾನ್ಫರೆನ್ಸ್ ಯುಎಸ್‌ಎ 2018–19ರಲ್ಲಿ 14 ಪಂದ್ಯ ಮುಗಿದ ಮೇಲೆ ಸ್ಥಾನ ನೋಡಿ ಗುಂಪು ಮಾಡಿ ಕೊನೆಯ ನಾಲ್ಕನ್ನು ಆಡಿಸಿತು. ಜಾಣ ಆಲೋಚನೆ. ಆದರೆ ಎರಡನೇ ಸೀಟು ಬರಲಿಲ್ಲ. ಹೊರಗಿನವರ ಮೇಲಿನ ಗೆಲುವು ಮೊದಲೇ ಇಲ್ಲದಿದ್ದರೆ ಒಳಗಿನ ಜೋಡಣೆಯಿಂದ ಹೆಚ್ಚೇನೂ ಹುಟ್ಟುವುದಿಲ್ಲ. ಜೊತೆಗೆ ಮಾರ್ಚ್ ಮೊದಲ ವಾರ ಎಲ್ಲಿ ಆಡುತ್ತೇವೆ ಅಂತ ಫೆಬ್ರವರಿಯಲ್ಲಿ ಗೊತ್ತಾದರೆ ವಿಮಾನ, ಹೋಟೆಲು, ಟಿಕೆಟ್ ಎಲ್ಲ ತಲೆನೋವು.

ನವೆಂಬರ್‌ನ ಹಬ್ಬದ ಟೂರ್ನಿಗಳ ಬಗ್ಗೆ ಒಂದು ಮಾತು. ದೊಡ್ಡವರು ನಿಮ್ಮೂರಿಗೆ ಬರದಿದ್ದರೂ ತಟಸ್ಥ ಅಂಗಳಕ್ಕೆ ಬರುತ್ತಾರೆ. ಅಲ್ಲಿ 50ರೊಳಗಿನವರ ಮೇಲೆ ಗೆದ್ದರೆ ಕ್ವಾಡ್ 1. ಮೌಂಟನ್ ವೆಸ್ಟ್ ಲೀಗ್ 2024ರಲ್ಲಿ ಆರು ತಂಡ ಕಳಿಸಿತಲ್ಲ, ಅದರ ಬೀಜ ಹಿಂದಿನ ನವೆಂಬರ್, ಡಿಸೆಂಬರ್‌ನಲ್ಲಿತ್ತು. ಕೊಲರಾಡೊ ಸ್ಟೇಟ್ ಕ್ಯಾನ್ಸಸ್ ಸಿಟಿಯಲ್ಲಿ ಕ್ರೈಟನ್ ಅನ್ನು 21 ಅಂಕದಿಂದ ಮಣಿಸಿತು. ಸ್ಯಾನ್ ಡಿಯೇಗೊ ಸ್ಟೇಟ್ ಗೊನ್ಜಾಗಾ ಅಂಗಳದಲ್ಲೇ ಗೆದ್ದಿತು. ಅಪಾಯ ಏನೆಂದರೆ, ಮೊದಲ ಪಂದ್ಯ ಸೋತರೆ ಸೋತವರ ಜೊತೆಗೇ ಆಡಬೇಕು. ಮೂರು ದಿನ ಖರ್ಚು ಮಾಡಿ ಕ್ವಾಡ್ 3 ಗೆಲುವು ಹೊತ್ತುಕೊಂಡು ಬಂದವರು ಬಹಳ.

ನನ್ನ ಕೇಳಿದರೆ, ಎಲ್ಲಕ್ಕಿಂತ ಹೆಚ್ಚು ಫಲ ಕೊಡುವುದು, ಎಲ್ಲಕ್ಕಿಂತ ಕಷ್ಟದ್ದೂ, ಕೊನೆಯ ತಂಡಗಳ ಹಳದಿ, ಬೂದು ಸಾಲುಗಳನ್ನು ಲೀಗೇ ದುಡ್ಡು ಕೊಟ್ಟು ಬಿಡಿಸಿಕೊಳ್ಳುವುದು. ಟೂರ್ನಿಯಲ್ಲಿ ಒಂದು ತಂಡ ಒಂದು ಪಂದ್ಯ ಆಡಿದರೆ ಲೀಗಿಗೆ ಒಂದು ಯೂನಿಟ್ ಸಿಗುತ್ತದೆ. ಆರು ವರ್ಷಗಳಲ್ಲಿ ಅದು ಸುಮಾರು 20 ಲಕ್ಷ ಡಾಲರ್ ಆಗುತ್ತದೆ. ಎರಡನೇ ತಂಡ ಹೋಗಿ ಮೊದಲ ಸುತ್ತಲ್ಲೇ ಸೋತರೂ ಅಷ್ಟು ದುಡ್ಡು. ಅದರಲ್ಲಿ ಒಂದು ಪಾಲು ತೆಗೆದಿಟ್ಟು, ಕೊನೆಯ ನಾಲ್ಕು ತಂಡಗಳಿಗೆ "ಒಂದು ಗ್ಯಾರಂಟಿ ಪಂದ್ಯ ಬಿಡಿ, ಬೂದು ಸಾಲು ಎರಡೂ ಬಿಡಿ, ನಿಮ್ಮ ಮಟ್ಟದ ಡಿವಿಷನ್ 1 ತಂಡವನ್ನು ತವರಿಗೆ ಕರೆಸಿ, ನಷ್ಟ ನಾವು ತುಂಬುತ್ತೇವೆ" ಅನ್ನಬೇಕು. ಗೆದ್ದು ಬರುವ ಕಾಲೇಜುಗಳ ಅಧ್ಯಕ್ಷರು ಇದಕ್ಕೆ ಒಪ್ಪುವುದಿಲ್ಲ. "ನಾವು ದುಡಿದದ್ದು ಅವರಿಗ್ಯಾಕೆ?" ಅನ್ನುತ್ತಾರೆ. ಸಭೆ ಅಲ್ಲಿಗೆ ಮುಗಿಯುತ್ತದೆ. ಬರೀ ದಂಡ ಹಾಕುವ ನಿಯಮವಾದರೆ ಬೇಗ ಪಾಸಾಗುತ್ತದೆ, ದುಡ್ಡಿಲ್ಲದವರಿಗೆ ದಂಡ ಹಾಕಿ ಏನು ಬಂತು?

ದೊಡ್ಡವರನ್ನು ಚಿಕ್ಕವರ ಊರಿಗೆ ತರಿಸಿದರೆ ಏನಾಗುತ್ತದೆ ಅಂತ 2022ರ ನವೆಂಬರ್‌ನಲ್ಲಿ ನೋಡಿದೆವು. ಪ್ಯಾಕ್ 12 ಲೀಗ್ ಕಪ್ಪು ಸಮುದಾಯದ ಚಾರಿತ್ರಿಕ ಕಾಲೇಜುಗಳ ಎಸ್‌ಡಬ್ಲ್ಯುಎಸಿ ಜೊತೆ ಒಪ್ಪಂದ ಮಾಡಿಕೊಂಡು ಅವರ ಅಂಗಳಕ್ಕೆ ಹೋಯಿತು. ಅದುವರೆಗೆ ಆ ತಂಡಗಳು ನವೆಂಬರ್, ಡಿಸೆಂಬರ್ ಪೂರ್ತಿ ದುಡ್ಡಿಗಾಗಿ ಊರೂರು ಅಲೆಯುತ್ತಿದ್ದವು. ತವರಿನಲ್ಲಿ ಆಡಲು ಸಿಕ್ಕಿದ್ದೇ ತಡ, ಟೆಕ್ಸಸ್ ಸದರ್ನ್ ಅರಿಜೋನಾ ಸ್ಟೇಟ್ ಅನ್ನು, ಪ್ರೇರಿ ವ್ಯೂ ವಾಷಿಂಗ್ಟನ್ ಸ್ಟೇಟ್ ಅನ್ನು, ಗ್ರ್ಯಾಂಬ್ಲಿಂಗ್ ಕೊಲರಾಡೊವನ್ನು ಸೋಲಿಸಿದವು. ರ‍್ಯಾಂಕಿನಲ್ಲಿ ಎಷ್ಟು ಪಾಲು ಆಟದ್ದು, ಎಷ್ಟು ಪಾಲು ಬಸ್ಸು, ವಿಮಾನದ್ದು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ನಿಮ್ಮ ಟಿಕೆಟ್ ಪ್ರಶ್ನೆಗೆ: 16ಕ್ಕೆ ಇಳಿದರೆ ತವರಿನ ಎರಡು ಲೀಗ್ ಪಂದ್ಯ ಹೋಗುತ್ತವೆ. ಅವುಗಳ ಬದಲು ಬರುವುದು ಡಿಸೆಂಬರ್‌ನ ಮಂಗಳವಾರ ರಾತ್ರಿ ಹೆಸರೇ ಕೇಳದ ಕಾಲೇಜು ಆಗಿರುವ ಸಾಧ್ಯತೆ ಜಾಸ್ತಿ. 18 ಆದರೆ ಒಂದೇ ಹೋಗುತ್ತದೆ. ಆ ಜಾಗಕ್ಕೆ ಇನ್ನೊಂದು ಲೀಗಿನ ಜೊತೆ ಮನೆಗೊಂದು, ಹೊರಗೊಂದು ಅನ್ನುವ ಒಪ್ಪಂದ ಆದರೆ ನಿಮಗೆ ನಷ್ಟವೇ ಇಲ್ಲ. ನಾನಾದರೆ 18ಕ್ಕೆ ಸಹಿ ಹಾಕುತ್ತೇನೆ, ಆದರೆ ಒಪ್ಪಂದ ಕೈಗೆ ಬಂದ ಮೇಲೆ.

ಇನ್ನೊಂದು ತೊಡಕು ನಿಮ್ಮೂರಿಗೆ ಚೆನ್ನಾಗಿ ಗೊತ್ತು. 2024ರ ಸೀಸನ್ ಮುಗಿದ ಕೂಡಲೇ ಕೋಚ್ ಜಾಶ್ ಶರ್ಟ್ಸ್ ಸೇಂಟ್ ಲೂಯಿಸ್ ವಿಶ್ವವಿದ್ಯಾಲಯದ ತಂಡಕ್ಕೆ ಹೋದರು, ತಾರಾ ಆಟಗಾರ ರಾಬೀ ಅವಿಲಾ ಅವರ ಹಿಂದೆಯೇ ಹೋದರು. ಮೊದಲೆಲ್ಲ ಮೂರು ವರ್ಷ ಮುಂದೆ ನೋಡಿ ಪಂದ್ಯ ಬರೆದುಕೊಳ್ಳುತ್ತಿದ್ದೆವು, ಆಗ ತಂಡ ಹೇಗಿರುತ್ತದೆ ಅಂತ ಅಂದಾಜಿತ್ತು. ಈಗ ಮುಂದಿನ ಜೂನ್‌ನಲ್ಲಿ ಯಾರಿರುತ್ತಾರೆ ಅನ್ನುವುದೇ ತಿಳಿಯದು. ಲೀಗಿಗೂ ಇದೇ ಗತಿ. ಕ್ರೈಟನ್ 2013ರಲ್ಲಿ, ವಿಚಿಟಾ ಸ್ಟೇಟ್ 2017ರಲ್ಲಿ, ಲೊಯೋಲಾ ಶಿಕಾಗೊ 2022ರಲ್ಲಿ ವ್ಯಾಲಿ ಬಿಟ್ಟವು. ಹೆಸರು ಮಾಡಿದವರು ಹೆಸರಿನ ಸಮೇತ ಹೊರಟರು. ಹಾಗಾಗಿ ಕೋಚ್‌ಗಳು ಎರಡು ವರ್ಷಕ್ಕಿಂತ ಉದ್ದದ ಕರಾರಿಗೆ ಹಿಂಜರಿದರೆ ನಾನು ಅವರನ್ನು ಬೈಯುವುದಿಲ್ಲ. ಲೀಗ್ ಲೀಗಿನ ನಡುವಿನ ಒಪ್ಪಂದ ಈ ಕಾರಣಕ್ಕೂ ವಾಸಿ, ಯಾವ ತಂಡಕ್ಕೆ ಯಾರು ಅನ್ನುವುದನ್ನು ಪ್ರತಿ ಬೇಸಿಗೆ ಹೊಸದಾಗಿ ಜೋಡಿಸಬಹುದು.

ಮುಂದಿನ ಸಲ ವೇಳಾಪಟ್ಟಿ ಬಂದಾಗ ಮಗನಿಗೆ ಒಂದು ಕೆಲಸ ಹೇಳಿ. ನಿಮ್ಮ ತಂಡದ ಪಟ್ಟಿ ಪಕ್ಕಕ್ಕಿಟ್ಟು, ಹಿಂದಿನ ವರ್ಷ ಕೊನೆಯ ನಾಲ್ಕು ಸ್ಥಾನದಲ್ಲಿದ್ದವರ ಹೊರಗಿನ ಪಂದ್ಯಗಳನ್ನು ಬರೆದುಕೊಳ್ಳಲಿ. ಡಿವಿಷನ್ 1 ಅಲ್ಲದವರು ಎಷ್ಟು, ದುಡ್ಡಿಗಾಗಿ ಹೋಗುವ ಪಂದ್ಯ ಎಷ್ಟು, ತವರಿನಲ್ಲಿ ಗೆಲ್ಲಬಹುದಾದದ್ದು ಎಷ್ಟು. ಡಿಸೆಂಬರ್ ಕೊನೆಗೆ ಆ ನಾಲ್ಕು ತಂಡಗಳ ಸೋಲು ಗೆಲುವು ಸಮ ಇದ್ದರೆ ಎರಡನೇ ಸೀಟಿನ ಮಾತಾಡಬಹುದು. ಇಲ್ಲದಿದ್ದರೆ ಸೇಂಟ್ ಲೂಯಿಸ್ ಟಿಕೆಟ್ ಮೊದಲೇ ತೆಗೆದಿಡಿ, ಅಲ್ಲಿ ಕಪ್ ಗೆಲ್ಲುವುದೊಂದೇ ದಾರಿ.